ಐವತ್ತು ಸಾವಿರ ಜನರ ಊರು, ಐದು ಯುರೋಪಿಯನ್ ಕಪ್: ಒಂದು ಹ್ಯಾಂಡ್‌ಬಾಲ್ ಕ್ಲಬ್ಬಿನ ಕತೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ನೈಟ್ ಶಿಫ್ಟ್ ಮುಗಿಸಿ ರೂಮಿಗೆ ಹೋಗ್ತಿರೋರಿಗೆ, ಹೊಲದ ಬದಿಯಲ್ಲಿ ಮೋಟ್ರು ಆನ್ ಮಾಡಿ ಕರೆಂಟಿಗೆ ಕಾಯ್ತಿರೋರಿಗೆ, ಎಲ್ರಿಗೂ.

ಇವತ್ತಿನ ಸಂಚಿಕೆ ನನಗೆ ಸ್ವಲ್ಪ ಕಷ್ಟದ್ದು. ಯಾಕಂದ್ರೆ ಈ ಭಾನುವಾರ ನಮ್ಮೂರು ಬರಗೂರಲ್ಲಿ ಒಂದು ಮೀಟಿಂಗ್ ಇದೆ. ಅಲ್ಲಿ ನಾನು ಒಂದು ಉತ್ತರ ಹೇಳಬೇಕು. ಒಂದು ತಿಂಗಳ ಹಿಂದೆ ಫೋನಲ್ಲಿ ಒಂದು ಉತ್ತರ ಆಗಲೇ ಕೊಟ್ಟಿದೀನಿ. ಅದು ಸರಿನಾ ಅಂತ ಈಗ ಅನುಮಾನ ಬಂದಿದೆ. ಅನುಮಾನ ಬರೋಕೆ ಕಾರಣ ಜರ್ಮನಿಯ ಒಂದು ಸಣ್ಣ ಊರು. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ನಮ್ಮ ವಿಷಯ. ನಾನು ಹೈಸ್ಕೂಲಲ್ಲಿ ಹ್ಯಾಂಡ್‌ಬಾಲ್ ಆಡ್ತಿದ್ದೆ. ನಗಬೇಡಿ. ಕಬಡ್ಡಿ ತಂಡಕ್ಕೆ ನನ್ನ ತೂಕ ಸಾಲಲಿಲ್ಲ, ವಾಲಿಬಾಲಿಗೆ ಎತ್ತರ ಸಾಲಲಿಲ್ಲ. ಪಿಟಿ ಮೇಷ್ಟ್ರು "ಬಾರೋ ಇಲ್ಲಿ, ಓಡಕ್ಕಾದ್ರೂ ಬರುತ್ತಾ?" ಅಂತ ಕೇಳಿ ಹ್ಯಾಂಡ್‌ಬಾಲಿಗೆ ಸೇರಿಸಿದ್ರು. ಹೋಬಳಿ ಮಟ್ಟದಲ್ಲಿ ನಮ್ಮ ಎದುರು ಇದ್ದಿದ್ದೇ ಒಂದು ತಂಡ. ಗೆದ್ವಿ. ತಾಲ್ಲೂಕು ಮಟ್ಟ ಅಂತ ಶಿರಾಕ್ಕೆ ಹೋದ್ವಿ, ಅಲ್ಲೂ ಗೆದ್ವಿ. ನಮ್ಮ ಕಡೆ ಜಿಲ್ಲೆ ಅಂದ್ರೆ ತುಮಕೂರಲ್ಲ, ಮಧುಗಿರಿ. ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಆ ಏಕಶಿಲಾ ಬೆಟ್ಟ ಕಾಣೋ ಜಾಗದಲ್ಲಿ ಪಾವಗಡದ ಹುಡುಗರ ಕೈಲಿ ಸಿಕ್ಕಾಪಟ್ಟೆ ಗೋಲು ತಿಂದು ವಾಪಸ್ ಬಂದ್ವಿ. ಬರೋವಾಗ ಬಸ್ಸಲ್ಲಿ ಎಲ್ರೂ ಅತ್ತಿದ್ವಿ, ಮೇಷ್ಟ್ರು ಶೇಂಗಾ ಕೊಡಿಸಿದ್ರು. ಅಷ್ಟೇ ನಮ್ಮ ಇತಿಹಾಸ.

ಆದ್ರೆ ಅಷ್ಟಕ್ಕೆ ಮುಗೀಲಿಲ್ಲ. ಕಾಲೇಜು ಮುಗಿಸಿ ಊರಲ್ಲೇ ಉಳಿದೋರು, ಶನಿವಾರ ಊರಿಗೆ ಬರೋರು ಸೇರ್ಕೊಂಡು ಶಾಲೆ ಮೈದಾನದಲ್ಲೇ ಆಟ ಮುಂದುವರಿಸಿದ್ವಿ. ಎಂಟು ವರ್ಷ ಆಯ್ತು. ನಾನು ಬಿ.ಕಾಂ ಮಾಡಿದ್ದು ಅಂತ ಖಜಾಂಚಿ ಪಟ್ಟ ನನಗೇ ಬಂತು. ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಎಡಗಡೆ ಜಮೆ, ಬಲಗಡೆ ಖರ್ಚು. ಜಮೆ ಕಡೆ ಮೂರು ಸಾಲು ಇದ್ರೆ ಖರ್ಚಿನ ಕಡೆ ಪುಟ ತುಂಬಿರುತ್ತೆ: ಬಾಲು, ನೆಟ್ಟು, ಸುಣ್ಣದ ಪುಡಿ, ಗೋಲ್‌ಕೀಪರ್ ಮೊಣಕೈಗೆ ಹಾಕಿದ ಹೊಲಿಗೆ.

ಈಗ ಏನಾಗಿದೆ ಅಂದ್ರೆ, ತುಮಕೂರಲ್ಲಿ ವ್ಯವಹಾರ ಮಾಡೋ ಒಬ್ಬರು ನಮಗೆ ದುಡ್ಡು ಕೊಡೋಕೆ ಮುಂದೆ ಬಂದಿದಾರೆ. ಒಳ್ಳೆ ಮನುಷ್ಯರೇ. ಜರ್ಸಿ, ಶೂ, ಪ್ರಯಾಣ, ಕೋಚಿಗೆ ಸಂಬಳ, ಎಲ್ಲಾ ಅವರದ್ದೇ. ಎರಡು ಷರತ್ತು. ತಂಡಕ್ಕೆ ಅವರ ಅಂಗಡಿ ಹೆಸರು ಇಡಬೇಕು. ಪ್ರಾಕ್ಟೀಸು, ಮ್ಯಾಚು ಎರಡೂ ತುಮಕೂರಲ್ಲೇ ಆಗಬೇಕು. "ಬರಗೂರಲ್ಲಿ ಆಡಿದ್ರೆ ನೋಡೋಕೆ ಯಾರ್ ಬರ್ತಾರಪ್ಪ?" ಅಂದ್ರು. ನಾನು "ಹೌದು ಸಾರ್" ಅಂದೆ. ಅದೇ ನಾನು ಕೊಟ್ಟ ಉತ್ತರ.

ಫೋನ್ ಇಟ್ಟ ಮೇಲೆ ಸಣ್ಣ ಊರಿನ ಹ್ಯಾಂಡ್‌ಬಾಲ್ ಕ್ಲಬ್ಬು ಎಲ್ಲಾದ್ರೂ ಬದುಕಿದೆಯಾ ಅಂತ ಹುಡುಕೋಕೆ ಶುರು ಮಾಡಿದೆ. ನಮ್ಮ ದೇಶದಲ್ಲಿ ಈ ಆಟಕ್ಕೆ ಫೆಡರೇಷನ್ ಬಂದಿದ್ದು 1972ರಲ್ಲಿ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮೋರು ಆಡಿದ್ರು. 2023ರಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ಅಂತ ಜೈಪುರದಲ್ಲಿ ಆಯ್ತಲ್ಲ, ಆರು ತಂಡ, ಮಹಾರಾಷ್ಟ್ರ ಐರನ್‌ಮೆನ್ ಗೆದ್ರು. ನಾವು ಮೊಬೈಲಲ್ಲಿ ಗುಂಪಾಗಿ ಕೂತು ನೋಡಿದ್ವಿ. ಆ ಆರರಲ್ಲಿ ಕರ್ನಾಟಕದ ತಂಡ ಇರಲಿಲ್ಲ. ಯಾರಿಗೆ ಕೂಗಬೇಕು ಅಂತ ಗೊತ್ತಾಗದೆ ಪಕ್ಕದೋರು ಅಂತ ತೆಲುಗು ಟ್ಯಾಲನ್ಸ್‌ಗೆ ಕೂಗಿದ್ವಿ. ನಮ್ಮೂರಿಗೆ ಆಂಧ್ರದ ಗಡಿ ದೂರ ಇಲ್ಲ, ತಪ್ಪೇನಿಲ್ಲ ಬಿಡಿ.

ಹಂಗಾಗಿ ಉತ್ತರ ಹುಡುಕ್ತಾ ಹುಡುಕ್ತಾ ಈ ಆಟದ ತವರಿಗೇ ಹೋಗಬೇಕಾಯ್ತು. ಅಲ್ಲಿ ಸಿಕ್ಕಿದ್ದು ಗುಮ್ಮರ್ಸ್‌ಬಾಖ್.

ಆಟ ಗೊತ್ತಿಲ್ಲದೋರಿಗೆ ಒಂದು ನಿಮಿಷ. ಫುಟ್‌ಬಾಲನ್ನು ಕೈಯಲ್ಲಿ ಆಡಿದಂಗೆ ಅಂದ್ಕೊಳ್ಳಿ. ಗೋಲ್‌ಕೀಪರ್ ಸೇರಿ ಒಂದು ಕಡೆ ಏಳು ಜನ. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. ಗೋಲಿನ ಮುಂದೆ 6 ಮೀಟರಿಗೆ ಒಂದು ಗೆರೆ, ಅದರೊಳಗೆ ಕೀಪರ್ ಬಿಟ್ಟು ಯಾರೂ ಕಾಲಿಡಂಗಿಲ್ಲ. ಆದ್ರೆ ಗೆರೆ ಆಚೆಯಿಂದ ಹಾರಿ, ಗಾಳಿಯಲ್ಲಿ ಇರೋವಾಗಲೇ ಬಾಲ್ ಎಸೆದ್ರೆ ಗೋಲು ಲೆಕ್ಕಕ್ಕೆ ಬರುತ್ತೆ. ಈ ಹಾರಾಟನೇ ಆಟದ ಚೆಂದ. ಬಾಲ್ ಕೈಯಲ್ಲಿ ಇಟ್ಕೊಂಡು ಮೂರು ಹೆಜ್ಜೆ, ಮೂರು ಸೆಕೆಂಡು, ಅಷ್ಟೇ. ಅರ್ಧ ಗಂಟೆಯ ಎರಡು ಭಾಗ. ಒಂದು ಮ್ಯಾಚಲ್ಲಿ ಒಂದೊಂದು ಕಡೆ 25, 30 ಗೋಲು ಮಾಮೂಲಿ. ನಿದ್ದೆ ಬರೋ ಆಟ ಅಲ್ಲ.

ಈಗ ಊರಿನ ಕತೆ. ಗುಮ್ಮರ್ಸ್‌ಬಾಖ್ ಇರೋದು ಜರ್ಮನಿಯ ಪಶ್ಚಿಮ ಭಾಗದಲ್ಲಿ, ಕಲೋನ್ ನಗರದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್, ಗುಡ್ಡಗಾಡು ಪ್ರದೇಶ. ಜನಸಂಖ್ಯೆ ಸುಮಾರು 50 ಸಾವಿರ. ನಮ್ಮ ಶಿರಾ ಪಟ್ಟಣ ನೆನಪಿಸಿಕೊಳ್ಳಿ, ಅಂಥದ್ದು. 'ಬಾಖ್' ಅಂದ್ರೆ ಜರ್ಮನ್‌ನಲ್ಲಿ ಹಳ್ಳ ಅಂತ. ಅವರೂ ನಮ್ಮ ಥರ ಹಳ್ಳ ಕೆರೆ ನೋಡ್ಕೊಂಡೇ ಊರಿಗೆ ಹೆಸರಿಟ್ಟಿದಾರೆ.

ಕ್ಲಬ್ಬಿನ ಹೆಸರು ವಿಎಫ್‌ಎಲ್ ಗುಮ್ಮರ್ಸ್‌ಬಾಖ್. ವಿಎಫ್‌ಎಲ್ ಅಂದ್ರೆ ಹೆಚ್ಚುಕಮ್ಮಿ 'ವ್ಯಾಯಾಮ ಸಂಘ'. 1861ರಲ್ಲಿ ಶುರುವಾಗಿದ್ದು. ಆಗ ಹ್ಯಾಂಡ್‌ಬಾಲ್ ಅನ್ನೋ ಆಟನೇ ಇರಲಿಲ್ಲ. ಕಸರತ್ತು ಮಾಡೋರ ಸಂಘ, ನಮ್ಮ ಗರಡಿಮನೆ ಇದ್ದಂಗೆ. ಹ್ಯಾಂಡ್‌ಬಾಲ್ ಅಲ್ಲಿಗೆ ಬಂದಿದ್ದು 1920ರ ದಶಕದಲ್ಲಿ. ಮೊದಲು ಅದನ್ನ ಬಯಲಲ್ಲಿ, ಒಂದು ಕಡೆ ಹನ್ನೊಂದು ಜನ ಆಡ್ತಿದ್ರು. ಒಳಾಂಗಣಕ್ಕೆ ಬಂದು ಏಳು ಜನರ ಆಟ ಆದ ಮೇಲೆ ಈ ಊರಿನ ಅದೃಷ್ಟ ಖುಲಾಯಿಸ್ತು.

1966ರಲ್ಲಿ ಮೊದಲ ಸಲ ಪಶ್ಚಿಮ ಜರ್ಮನಿಯ ಚಾಂಪಿಯನ್. ಅದೇ ವರ್ಷ ಬುಂಡೆಸ್‌ಲೀಗಾ ಅನ್ನೋ ರಾಷ್ಟ್ರೀಯ ಲೀಗ್ ಶುರುವಾಯ್ತು, ಅದರ ಮೊದಲ ಋತುವನ್ನೂ ಇವರೇ ಗೆದ್ರು. 1967ರಲ್ಲಿ ಡಾರ್ಟ್‌ಮಂಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಪ್ರಾಗ್‌ನ ಡುಕ್ಲಾ ತಂಡವನ್ನ 17–13ರಿಂದ ಸೋಲಿಸಿ ಯುರೋಪಿಯನ್ ಕಪ್ ಎತ್ತಿದ್ರು. ಡುಕ್ಲಾ ಅಂದ್ರೆ ಸೈನ್ಯದ ತಂಡ, ಅದರ ಹಿಂದೆ ಸರ್ಕಾರ ಇತ್ತು. ಇವರ ಹಿಂದೆ ಒಂದು ಊರು. ಆಮೇಲೆ 1970, 1971, 1974, 1983, ಒಟ್ಟು ಐದು ಸಲ ಯುರೋಪಿಯನ್ ಕಪ್. ಜರ್ಮನ್ ಚಾಂಪಿಯನ್ ಪಟ್ಟ 1966ರಿಂದ 1991ರ ತನಕ ಹನ್ನೆರಡು ಸಲ. ನಾನು ಇದನ್ನ ಓದಿದಾಗ ಎರಡೆರಡು ಸಲ ಎಣಿಸಿದೆ.

ಹೆಂಗಾಯ್ತು ಇದು? ಆ ಕಾಲದಲ್ಲಿ ಹ್ಯಾಂಡ್‌ಬಾಲ್ ಆಡಿ ಯಾರೂ ಶ್ರೀಮಂತರಾಗ್ತಿರಲಿಲ್ಲ. ಹಂಗಾಗಿ ದೊಡ್ಡ ನಗರ, ಸಣ್ಣ ಊರು ಅನ್ನೋ ದುಡ್ಡಿನ ಅಂತರ ಅಷ್ಟು ಇರಲಿಲ್ಲ. ಕ್ಲಬ್ ನಡೆಸೋಕೆ ಹಠ ಇರೋ ಒಬ್ಬ ಮನುಷ್ಯ, ಆಡೋಕೆ ಹುಡುಗರು, ನೋಡೋಕೆ ಜನ ಇದ್ರೆ ನಡೀತಿತ್ತು. ಹಠ ಇದ್ದ ಮನುಷ್ಯ ಯೂಗನ್ ಹಾಸ್. ವರ್ಷಗಟ್ಟಲೆ ಕ್ಲಬ್ಬಿನ ಮ್ಯಾನೇಜರ್. ಊರಿನ ಹಳೇ ಒಳಾಂಗಣಕ್ಕೆ ಅವರ ಹೆಸರೇ ಇಟ್ಟಿದಾರೆ. ಆಟಗಾರರ ಹೆಸರು ಇಡೋದು ನೋಡಿದೀವಿ, ರಾಜಕಾರಣಿಗಳ ಹೆಸರಂತೂ ಬೇಕಾದಷ್ಟು. ಲೆಕ್ಕಪತ್ರ, ಓಡಾಟ, ಬೈಸಿಕೊಳ್ಳೋದು, ಇದನ್ನೆಲ್ಲ ಮಾಡಿದೋರ ಹೆಸರು ಇಟ್ಟಿದ್ದು ನಾನು ನೋಡಿದ್ದು ಕಮ್ಮಿ. ಖಜಾಂಚಿಯಾಗಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು.

ಆಡಿದೋರಲ್ಲಿ ಮೂವರ ಬಗ್ಗೆ ಹೇಳಲೇಬೇಕು.

ಒಬ್ಬರು ಹಾನ್ಸಿ ಶ್ಮಿಟ್. ಅವರು ಆ ಊರಿನೋರೇ ಅಲ್ಲ. ಹುಟ್ಟಿದ್ದು 1942ರಲ್ಲಿ, ರೊಮೇನಿಯಾದ ಬನಾಟ್ ಪ್ರದೇಶದ ಜರ್ಮನ್ ಮಾತಾಡೋ ಹಳ್ಳೀಲಿ. 1963ರಲ್ಲಿ ತಂಡದ ಜೊತೆ ಪಶ್ಚಿಮ ಜರ್ಮನಿಗೆ ಆಡೋಕೆ ಬಂದೋರು ವಾಪಸ್ ಹೋಗಲಿಲ್ಲ, ಅಲ್ಲೇ ಉಳ್ಕೊಂಡ್ರು. ಕಮ್ಯುನಿಸ್ಟ್ ದೇಶದಿಂದ ಹಂಗೆ ತಪ್ಪಿಸಿಕೊಳ್ಳೋದು ಅಂದ್ರೆ ಮನೆಯೋರ ಮುಖ ಮತ್ತೆ ನೋಡ್ತೀನೋ ಇಲ್ವೋ ಅಂತ ತೀರ್ಮಾನ ಮಾಡಿದಂಗೆ. ಅಂಥೋರು ಬಂದು ಸೇರಿದ್ದು ಈ ಸಣ್ಣ ಊರಿನ ಕ್ಲಬ್ಬನ್ನ. ಅವರ ಎಸೆತದಲ್ಲಿ ಒಂದು ವಿಶೇಷ ಇತ್ತು. ಎಲ್ರೂ ಹಾರಿದ ತಕ್ಷಣ ಎಸೀತಾರೆ. ಇವರು ಹಾರಿ, ಎದುರಿನೋರು ಕೆಳಗೆ ಇಳಿಯೋ ತನಕ ಗಾಳಿಯಲ್ಲೇ ತಡೆದು, ಆಮೇಲೆ ಎಸೀತಿದ್ರು. ನಾವು ಇದನ್ನ ಶಾಲೆ ಮೈದಾನದಲ್ಲಿ ಪ್ರಯತ್ನ ಮಾಡಿದ್ವಿ. ತಡೀತು, ಎಸೆಯೋ ಹೊತ್ತಿಗೆ ನೆಲದ ಮೇಲಿದ್ವಿ.

ಎರಡನೆಯವರು ಹೈನರ್ ಬ್ರಾಂಡ್. ಇವರು ಅಪ್ಪಟ ಊರಿನ ಮಗ. 1952ರಲ್ಲಿ ಗುಮ್ಮರ್ಸ್‌ಬಾಖ್‌ನಲ್ಲೇ ಹುಟ್ಟಿ, ಅಲ್ಲೇ ಆಟ ಕಲಿತು, ಕೊನೆ ತನಕ ಅದೇ ಕ್ಲಬ್ಬಿಗೆ ಆಡಿದ್ರು. ಅವರ ಅಣ್ಣಂದಿರು ಕ್ಲಾಸ್, ಯೋಖೆನ್ ಕೂಡ ಅದೇ ತಂಡ. ಮನೆಯಲ್ಲಿ ಮೂರು ಜನ, ಬೀದಿಯಲ್ಲೇ ಪ್ರಾಕ್ಟೀಸು ಮುಗಿದು ಹೋಗ್ತಿತ್ತೋ ಏನೋ. 1978ರಲ್ಲಿ ಕೋಪನ್‌ಹೇಗನ್‌ನಲ್ಲಿ ಸೋವಿಯತ್ ಒಕ್ಕೂಟವನ್ನ 20–19ರಿಂದ ಸೋಲಿಸಿದ ಪಶ್ಚಿಮ ಜರ್ಮನಿ ತಂಡದಲ್ಲಿ ಬ್ರಾಂಡ್ ಆಟಗಾರ. 2007ರಲ್ಲಿ ಕಲೋನ್‌ನಲ್ಲಿ ಪೋಲೆಂಡನ್ನ ಸೋಲಿಸಿ ಜರ್ಮನಿ ವಿಶ್ವಕಪ್ ಗೆದ್ದಾಗ ಅದೇ ಬ್ರಾಂಡ್ ಕೋಚ್. ಆಟಗಾರನಾಗಿ, ಕೋಚ್ ಆಗಿ ಎರಡೂ ರೀತಿ ಹ್ಯಾಂಡ್‌ಬಾಲ್ ವಿಶ್ವಕಪ್ ಗೆದ್ದ ಮೊದಲಿಗರು ಅವರು. ಅವರ ಮೀಸೆ ದೊಡ್ಡ ಫೇಮಸ್ಸು. ಕಪ್ ಎತ್ತೋವಾಗ ತಂಡದ ಹುಡುಗರೆಲ್ಲಾ ಅವರ ಥರದ ನಕಲಿ ಮೀಸೆ ಅಂಟಿಸಿಕೊಂಡು ನಿಂತಿದ್ರು. ಫೋಟೋ ಹುಡುಕಿ ನೋಡಿ, ನಮ್ಮ ಕಡೆ ನಾಟಕದ ಮೇಳ ಇದ್ದಂಗೆ ಕಾಣ್ತಾರೆ.

ಮೂರನೆಯವರ ಕತೆ ಹೇಳೋಕೆ ನಗು ಬರಲ್ಲ. ಯೋವಾಖಿಮ್ ಡೆಕಾರ್ಮ್. 1978ರ ಆ ವಿಶ್ವಕಪ್ ತಂಡದಲ್ಲಿ ಇವರೂ ಇದ್ರು. ಆ ಕಾಲದಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ ಅಂತ ಬಹಳ ಜನ ಹೇಳ್ತಿದ್ರು. ದೇಶಕ್ಕಾಗಿ 104 ಪಂದ್ಯ, 381 ಗೋಲು. 1979ರ ಮಾರ್ಚ್ 30. ಹಂಗೇರಿಯ ಟಾಟಾಬಾನ್ಯ ಅನ್ನೋ ಊರಲ್ಲಿ ಯುರೋಪಿಯನ್ ಟೂರ್ನಿಯ ಸೆಮಿಫೈನಲ್. ಓಡ್ತಾ ಇದ್ದೋರು ಎದುರಾಳಿಗೆ ಡಿಕ್ಕಿಯಾಗಿ ಪ್ರಜ್ಞೆ ತಪ್ಪಿ ಬಿದ್ರು. ತಲೆ ನೇರ ನೆಲಕ್ಕೆ ಬಡೀತು. ಆ ನೆಲ ಮರದ್ದಲ್ಲ. ಕಾಂಕ್ರೀಟು, ಅದರ ಮೇಲೆ ತೆಳ್ಳಗಿನ ಒಂದು ಹೊದಿಕೆ. 131 ದಿನ ಕೋಮಾ. ಎದ್ದಾಗ 25 ವರ್ಷದ ಆ ಮನುಷ್ಯ ಮಾತು, ನಡಿಗೆ ಎಲ್ಲಾ ಮೊದಲಿಂದ ಕಲೀಬೇಕಾಯ್ತು. ಹಳೇ ಕೋಚ್ ವೆರ್ನರ್ ಹ್ಯೂರ್ಟರ್ ಜೊತೆಗೆ ನಿಂತು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ರು. ಮುಂದೆ ಡೆಕಾರ್ಮ್ ಬಹಳ ವರ್ಷ ಗುಮ್ಮರ್ಸ್‌ಬಾಖ್‌ನಲ್ಲೇ ಆರೈಕೆಯಲ್ಲಿದ್ರು. ಅಪಘಾತ ಆದ ಮೇಲೆ ಹಳೇ ಗೆಳೆಯರು ಅವರನ್ನ ಬಿಡಲಿಲ್ಲ.

ಇದನ್ನ ಓದಿದ ದಿನ ನಾನು ನೋಟ್‌ಬುಕ್ ತೆಗೆದು ನಮ್ಮ ಕೀಪರ್‌ನ ಹೊಲಿಗೆ ಖರ್ಚಿನ ಸಾಲು ನೋಡಿದೆ. ನಾವು ಆಡೋದು ಮಣ್ಣಲ್ಲಿ, ಅದರಲ್ಲಿ ಕಲ್ಲು ಎದ್ದಿರುತ್ತೆ. ಆಟಕ್ಕೆ ಮುಂಚೆ ಎಲ್ರೂ ಸಾಲಾಗಿ ಬಗ್ಗಿ ಕಲ್ಲು ಆರಿಸ್ತೀವಿ, ಅಕ್ಕಿ ಆರಿಸಿದಂಗೆ. ಎಂಟು ವರ್ಷದಲ್ಲಿ ಒಂದು ಸಲವೂ ನೋಟ್‌ಬುಕ್‌ನಲ್ಲಿ ವಿಮೆ ಅನ್ನೋ ಪದ ಬಂದಿಲ್ಲ. ಬಿ.ಕಾಂನಲ್ಲಿ ವಿಮೆ ಬಗ್ಗೆ ಒಂದು ಪೂರ್ತಿ ಪೇಪರ್ ಬರೆದು ಪಾಸಾದೋನು ನಾನು.

ಸರಿ, ಈಗ ದುಡ್ಡಿನ ಭಾಗ. ನನಗೆ ಇಷ್ಟ ಆಗಿದ್ದು, ಹೆದರಿಕೆ ಆಗಿದ್ದು ಎರಡೂ ಇಲ್ಲೇ.

1990ರ ದಶಕದಲ್ಲಿ ಹ್ಯಾಂಡ್‌ಬಾಲ್‌ಗೆ ಜರ್ಮನಿಯಲ್ಲಿ ದುಡ್ಡು ಬಂತು. ಸಂಬಳದ ಆಟಗಾರರು, ವಿದೇಶಿ ಆಟಗಾರರು, ಟಿವಿ. ದೊಡ್ಡ ಒಳಾಂಗಣ ಇದ್ದ ಕ್ಲಬ್ಬುಗಳು ಜಾಸ್ತಿ ಟಿಕೆಟ್ ಮಾರಿದ್ವು. ಗುಮ್ಮರ್ಸ್‌ಬಾಖ್‌ನ ಯೂಗನ್ ಹಾಸ್ ಒಳಾಂಗಣದಲ್ಲಿ ಹಿಡಿಸೋದು ಎರಡು ಸಾವಿರ ಚಿಲ್ಲರೆ ಜನ. ನಾವು ಕಾಮರ್ಸ್‌ನೋರು ಹೇಳೋ ಹಾಗೆ, ಖರ್ಚು ಆಕಾಶಕ್ಕೆ, ಆದಾಯ ಕುರ್ಚಿ ಲೆಕ್ಕಕ್ಕೆ. 2000ನೇ ಇಸವಿ ಹೊತ್ತಿಗೆ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ನಿಂತಿತ್ತು.

ಆಗ ಅವರು ಏನು ಮಾಡಿದ್ರು ಗೊತ್ತಾ? ನನಗೆ ಫೋನಲ್ಲಿ ಬಂದ ಸಲಹೆಯನ್ನೇ ಮಾಡಿದ್ರು. ದೊಡ್ಡ ಪಂದ್ಯಗಳನ್ನ 50 ಕಿಲೋಮೀಟರ್ ದೂರದ ಕಲೋನ್‌ಗೆ ತಗೊಂಡು ಹೋದ್ರು. ಅಲ್ಲಿ 1998ರಲ್ಲಿ ಶುರುವಾದ ಹೊಸ ಅರೀನಾ, ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತೆ.

ನಿಜ ಹೇಳಬೇಕಂದ್ರೆ ಅದು ಮೂರ್ಖತನ ಅಲ್ಲ. ಜನ ಬಂದ್ರು, ದುಡ್ಡೂ ಬಂತು, ತಂಡ ಉಸಿರಾಡ್ತು. ನಾನು ಅಲ್ಲಿ ಖಜಾಂಚಿ ಆಗಿದ್ರೂ ಅದನ್ನೇ ಮಾಡ್ತಿದ್ದೆ. ಅಷ್ಟೇ ಅಲ್ಲ, ಹಳೇ ವೈಭವದ ಕಾಲದಲ್ಲೂ ದೊಡ್ಡ ಯುರೋಪಿಯನ್ ಪಂದ್ಯಗಳನ್ನ ಇವರು ಡಾರ್ಟ್‌ಮಂಡ್‌ನ ವೆಸ್ಟ್‌ಫಾಲೆನ್ ಸಭಾಂಗಣದಲ್ಲೇ ಆಡ್ತಿದ್ರು, ಊರಲ್ಲಿ ಅಷ್ಟು ಜಾಗ ಇರಲಿಲ್ಲ. ಆದ್ರೆ ಆಗ ಅದು ಜಾತ್ರೆಗೆ ಹೋಗಿ ಬಂದಂಗೆ. ಮುಗಿಸ್ಕೊಂಡು ಊರಿಗೆ ವಾಪಸ್. ಕಲೋನ್ ಕಾಲದಲ್ಲಿ ಅದು ಒಂಥರಾ ಮನೆ ಬದಲಾಯಿಸಿದಂಗೆ ಆಗೋಕೆ ಶುರುವಾಯ್ತು. ಒಂದು ಕಾಲು ಗುಡ್ಡದ ಊರಲ್ಲಿ, ಒಂದು ಕಾಲು ನಗರದಲ್ಲಿ.

ಆಟದಲ್ಲಿ ಗೆದ್ರಾ? ಗೆದ್ರು. 2009ರಲ್ಲಿ ಇಎಚ್‌ಎಫ್ ಕಪ್, 2010, 2011ರಲ್ಲಿ ಸತತ ಎರಡು ಸಲ ಕಪ್ ವಿನ್ನರ್ಸ್ ಕಪ್. ಮೂರು ವರ್ಷ ಮೂರು ಯುರೋಪಿಯನ್ ಟ್ರೋಫಿ. ಆದ್ರೆ ಅದೇ ವರ್ಷಗಳಲ್ಲಿ ಹಣದ ತಾಪತ್ರಯ ಮಾತ್ರ ಬೆನ್ನು ಬಿಡಲಿಲ್ಲ. ಟ್ರೋಫಿ ಶೋಕೇಸಲ್ಲಿ ಕೂರುತ್ತೆ, ಬಾಡಿಗೆ ಕಟ್ಟಲ್ಲ. ಇದನ್ನ ನಮ್ಮ ಲೆಕ್ಚರರ್ ಕ್ಯಾಶ್ ಫ್ಲೋ ಅಂತ ಮೂರು ಕ್ಲಾಸ್ ತಗೊಂಡು ಹೇಳಿದ್ರು, ನನಗೆ ಆಗ ಅರ್ಥ ಆಗಿರಲಿಲ್ಲ.

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಕತೆ ನಡೀತಿತ್ತು. ಗುಮ್ಮರ್ಸ್‌ಬಾಖ್‌ನ ಹೊಟ್ಟೆಪಾಡು ನಿಂತಿದ್ದೇ ಶ್ಟೈನ್‌ಮ್ಯುಲ್ಲರ್ ಅನ್ನೋ ಬಾಯ್ಲರ್ ಕಾರ್ಖಾನೆ ಮೇಲೆ. 1874ರಿಂದ ಇದ್ದಿದ್ದು, ಊರಿನ ಮಧ್ಯದಲ್ಲೇ ಅದರ ಜಾಗ. ಅದು ಮುಚ್ಚಿ ಹೋಯ್ತು. ಊರಿನ ನಟ್ಟನಡುವೆ ಖಾಲಿ ಕಾರ್ಖಾನೆ ಜಾಗ ಉಳೀತು. ನಮ್ಮಲ್ಲಾದ್ರೆ ಏನಾಗ್ತಿತ್ತು ಅಂತ ನೀವೇ ಊಹಿಸ್ಕೊಳ್ಳಿ, ಸೈಟು. ಅಲ್ಲಿ ಒಂದು ತಾಂತ್ರಿಕ ಕಾಲೇಜಿನ ಕ್ಯಾಂಪಸ್ ಬಂತು, ಅದೇ ಜಾಗದಲ್ಲೇ ಒಂದು ಹೊಸ ಅರೀನಾನೂ ಬಂತು. 2013ರಲ್ಲಿ ತಂಡ ಅಲ್ಲಿಗೆ ಬಂತು. ಹಿಡಿಸೋದು ನಾಲ್ಕು ಸಾವಿರದ ಮೇಲೆ ಸ್ವಲ್ಪ ಜನ. ಕಲೋನ್‌ನ ಕಾಲು ಭಾಗಕ್ಕಿಂತ ಕಮ್ಮಿ. ಆದ್ರೆ ಊರಿಗೆ ಅಳತೆ ಸರಿಯಾಗಿತ್ತು. ಅದರ ಹೆಸರು ಶ್ವಾಲ್ಬೆ ಅರೀನಾ. ಶ್ವಾಲ್ಬೆ ಅಂದ್ರೆ ಬಾನಾಡಿ ಹಕ್ಕಿಯ ಹೆಸರು, ಆದ್ರೆ ಇಲ್ಲಿ ಅದು ಸೈಕಲ್ ಟೈರ್ ಬ್ರಾಂಡ್. ಆ ಕಂಪನಿಯ ಆಫೀಸು ಪಕ್ಕದ ಊರಲ್ಲೇ ಇದೆ. ಅಂದ್ರೆ ಪ್ರಾಯೋಜಕರ ಹೆಸರು ಹಾಕೋದು ಅವರಿಗೂ ತಪ್ಪಲಿಲ್ಲ. ಆದ್ರೆ ಹೆಸರು ಬಿದ್ದಿದ್ದು ಕಟ್ಟಡದ ಮೇಲೆ, ತಂಡದ ಮೇಲಲ್ಲ. ತಂಡ ಇವತ್ತಿಗೂ ಗುಮ್ಮರ್ಸ್‌ಬಾಖ್.

ಇಲ್ಲಿಗೆ ಕತೆ ಸುಖಾಂತ್ಯ ಆಗಬೇಕಿತ್ತು, ಸಿನಿಮಾ ಆಗಿದ್ರೆ. ಆಗಲಿಲ್ಲ. 1966ರಲ್ಲಿ ಬುಂಡೆಸ್‌ಲೀಗಾ ಶುರುವಾದಾಗಿಂದ ಒಂದು ಸಲವೂ ಕೆಳಗಿನ ದರ್ಜೆಗೆ ಇಳಿಯದ ಕ್ಲಬ್ಬು, 2019ರ ಜೂನ್‌ನಲ್ಲಿ ಇಳೀತು. ಕೊನೆ ದಿನ, ಬೀಟಿಗ್‌ಹೈಮ್ ಎದುರು ಡ್ರಾ. ಇಬ್ಬರೂ ಒಟ್ಟಿಗೆ ಕೆಳಗೆ ಹೋದ್ರು. 53 ವರ್ಷದ ಲೆಕ್ಕ ಒಂದು ಸಂಜೆಗೆ ಮುಗೀತು.

ಇಲ್ಲಿ ಒಂದು ಹೋಲಿಕೆ ಕೊಡ್ತೀನಿ. ಹ್ಯಾಂಬರ್ಗ್ ಗೊತ್ತಲ್ಲ, ಜರ್ಮನಿಯ ಎರಡನೇ ದೊಡ್ಡ ನಗರ. ಅಲ್ಲಿನ ಎಚ್‌ಎಸ್‌ವಿ ಹ್ಯಾಂಡ್‌ಬಾಲ್ ತಂಡ 2011ರಲ್ಲಿ ಜರ್ಮನ್ ಚಾಂಪಿಯನ್, 2013ರಲ್ಲಿ ಚಾಂಪಿಯನ್ಸ್ ಲೀಗ್ ವಿಜೇತ. ಅದರ ಹಿಂದೆ ಮುಖ್ಯವಾಗಿ ಒಬ್ಬ ಶ್ರೀಮಂತ ಉದ್ಯಮಿಯ ದುಡ್ಡು ಇತ್ತು. ಆ ದುಡ್ಡು ನಿಂತ ಮೇಲೆ ತಡ್ಕೊಳ್ಳೋಕೆ ಆಗಲಿಲ್ಲ. ಯುರೋಪ್ ಗೆದ್ದು ಮೂರು ವರ್ಷ ಆಗೋದ್ರೊಳಗೆ, 2016ರ ಜನವರಿಯಲ್ಲಿ, ಋತುವಿನ ಮಧ್ಯದಲ್ಲೇ ಆ ತಂಡ ಲೀಗಿಂದ ಹೊರಗೆ ಹೋಯ್ತು. ಮತ್ತೆ ಮೂರನೇ ದರ್ಜೆಯಿಂದ ಶುರು ಮಾಡಬೇಕಾಯ್ತು. ನಗರ ದೊಡ್ಡದಿತ್ತು, ಅರೀನಾ ದೊಡ್ಡದಿತ್ತು, ದುಡ್ಡು ಮಾತ್ರ ಒಂದೇ ಜೇಬಿಂದ ಬರ್ತಿತ್ತು.

ಗುಮ್ಮರ್ಸ್‌ಬಾಖ್ ಕೆಳಗೆ ಇಳಿದಾಗ ಮುಚ್ಚಲಿಲ್ಲ. 2020ರಲ್ಲಿ ಕೋಚ್ ಆಗಿ ಬಂದೋರು ಗುಡ್ಯೋನ್ ವಾಲುರ್ ಸಿಗುರ್ಡ್‌ಸನ್, ಐಸ್‌ಲ್ಯಾಂಡಿನೋರು. ಇವರೂ ಹೊಸಬರಲ್ಲ, ಹಿಂದೆ ಇದೇ ಕ್ಲಬ್ಬಿಗೆ ಆಡಿದ್ದೋರು. ಎರಡನೇ ದರ್ಜೆಯಲ್ಲಿ ಇದ್ದಾಗಲೇ ಯೂಲಿಯಾನ್ ಕ್ಯೋಸ್ಟರ್ ಅನ್ನೋ ಹುಡುಗ ಸೇರ್ಕೊಂಡ. ಅಲ್ಲಿ ಆಡ್ತಾನೇ ರಾಷ್ಟ್ರೀಯ ತಂಡಕ್ಕೆ ಆಯ್ಕೆ ಆದ. ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಜರ್ಮನಿಗೆ ಬೆಳ್ಳಿ ಬಂದಾಗ ಆ ತಂಡದಲ್ಲಿ ಅವನೂ ಇದ್ದ. ಕ್ಲಬ್ಬು 2022ರಲ್ಲಿ ಎರಡನೇ ದರ್ಜೆ ಗೆದ್ದು ವಾಪಸ್ ಮೇಲೆ ಬಂತು. 2024ರಲ್ಲಿ ಆರನೇ ಸ್ಥಾನ. ಅದರಿಂದ ಮತ್ತೆ ಯುರೋಪಿಯನ್ ಟೂರ್ನಿ ಆಡೋ ಅವಕಾಶ. ಈ ಸಲ ಆಡಿದ್ದು ಊರಲ್ಲೇ, ಹಳೇ ಬಾಯ್ಲರ್ ಕಾರ್ಖಾನೆ ಜಾಗದಲ್ಲಿ. ಅರೀನಾದ ಮುಂದಿನ ಚೌಕಕ್ಕೆ ಹೈನರ್ ಬ್ರಾಂಡ್ ಅವರ ಹೆಸರಿದೆ.

ಈಗ ನನ್ನ ಅಭಿಪ್ರಾಯ, ತಪ್ಪಿದ್ರೆ ತಿದ್ದಿ. ಸಣ್ಣ ಊರು ಅಂದ ತಕ್ಷಣ ಒಳ್ಳೇದು, ನಗರ ಅಂದ ತಕ್ಷಣ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಊರಲ್ಲೇ ಇದ್ದೂ ಸೋತ್ರು, ನಗರಕ್ಕೆ ಹೋಗಿ ಗೆದ್ರು. ಆದ್ರೆ ಬ್ರಾಂಡ್ ಅಣ್ಣ ತಮ್ಮಂದಿರು ಎಲ್ಲಿ ಆಟ ನೋಡಿ ಕಲಿತ್ರು ಅಂತ ನಾನು ಯೋಚನೆ ಮಾಡ್ತೀನಿ. ಕಲೋನ್‌ಗೆ ಟಿಕೆಟ್ ತಗೊಂಡು ಹೋಗಿ ಕಲಿತಿದ್ದಲ್ಲ.

ನಮ್ಮ ಮೈದಾನದಲ್ಲಿ ಪ್ರತಿ ಶನಿವಾರ ಸಂಜೆ ಎಂಟನೇ ಕ್ಲಾಸಿನ ಏಳೆಂಟು ಹುಡುಗರು ಕಾಂಪೌಂಡ್ ಮೇಲೆ ಕೂತಿರ್ತಾರೆ. ಬಾಲ್ ಹೊರಗೆ ಹೋದ್ರೆ ತಂದು ಕೊಡೋಕೆ ಜಗಳ ಆಡ್ತಾರೆ. ತಂದು ಕೊಡೋ ಮುಂಚೆ ಒಂದು ಸಲ ಗೋಲಿಗೆ ಎಸೆದೇ ಕೊಡೋದು. ಅವರಲ್ಲಿ ಎಡಗೈ ಹುಡುಗ ಒಬ್ಬ ಇದಾನೆ. ಹ್ಯಾಂಡ್‌ಬಾಲಲ್ಲಿ ಎಡಗೈಯೋರಿಗೆ ಬಲಗಡೆ ಮೂಲೆಯಿಂದ ಗೋಲು ಚೆನ್ನಾಗಿ ಕಾಣುತ್ತೆ, ಚಿನ್ನದಂಥ ಆಟಗಾರರು ಅವರು. ನಮ್ಮ ತಂಡದಲ್ಲಿ ಎಡಗೈಯೋರು ಒಬ್ಬರೂ ಇಲ್ಲ. ನಾವು ತುಮಕೂರಿಗೆ ಹೋದ್ರೆ ಆ ಹುಡುಗ ಶನಿವಾರ ಕಾಂಪೌಂಡ್ ಮೇಲೆ ಕೂತು ಏನು ನೋಡ್ತಾನೆ? ನಮ್ಮೂರಿಂದ ಶಿರಾಕ್ಕೆ ಹೋಗಿ, ಅಲ್ಲಿಂದ ತುಮಕೂರು ಬಸ್ ಹಿಡಿದು, ಆಡಿ, ರಾತ್ರಿ ವಾಪಸ್ ಬರೋಕೆ ನಮಗೇ ಕಷ್ಟ. ಅವನ ಅಮ್ಮ ಕಳಿಸ್ತಾರಾ?

ಇದನ್ನೆಲ್ಲ ನಮ್ಮ ಕೀಪರ್‌ಗೆ ಹೇಳಿದೆ. ಅವನು ಮಾತು ಕಮ್ಮಿ. "ಲೋ, ಕತೆ ಚೆನ್ನಾಗಿದೆ. ಆದ್ರೆ ನೆಟ್ಟು ಹರಿದಿದೆಯಲ್ಲೋ, ಅದಕ್ಕೆ ಜರ್ಮನಿಯೋರು ದುಡ್ಡು ಕೊಡ್ತಾರಾ?" ಅಂದ. ಅವನ ಮೊಣಕೈ ಮೇಲೆ ಆ ಹೊಲಿಗೆಯ ಗುರುತು ಇನ್ನೂ ಇದೆ, ಅವನು ಕೇಳೋದು ನ್ಯಾಯ.

ಹಂಗಾಗಿ ಭಾನುವಾರಕ್ಕೆ ನಾನು ಲೆಕ್ಕ ಹಾಕ್ಕೊಂಡು ಹೋಗ್ತಿದೀನಿ. ಆ ಸಾರ್‌ಗೆ ನಾನೇ ಫೋನ್ ಮಾಡಿ, ಮೊದಲು ಹೂಂ ಅಂದಿದ್ದು ನನ್ನ ತಪ್ಪು ಅಂತ ಒಪ್ಪಿಕೊಂಡು, ಮೂರು ಮಾತು ಕೇಳಬೇಕು ಅಂತ ಇದೀನಿ. ಜರ್ಸಿ ಮೇಲೆ, ಮೈದಾನದ ಬೋರ್ಡ್ ಮೇಲೆ ನಿಮ್ಮ ಹೆಸರು ಹಾಕ್ತೀವಿ, ತಂಡದ ಹೆಸರು ಊರಿನದ್ದೇ ಇರ್ಲಿ. ಟೂರ್ನಮೆಂಟಿಗೆ ತುಮಕೂರಿಗೆ ಬರ್ತೀವಿ, ಪ್ರಾಕ್ಟೀಸು ಇಲ್ಲೇ. ಮೊದಲ ವರ್ಷದ ದುಡ್ಡಲ್ಲಿ ಮೊದಲನೇ ಸಾಲು ವಿಮೆಗೆ, ಎರಡನೇದು ನೆಲ ಸಮ ಮಾಡಿಸೋಕೆ. ಅವರು ಒಪ್ಪದೇ ಇರಬಹುದು. ಆಗ ತಿಂಗಳಿಗೆ ತಲಾ ಇನ್ನೂರು ರೂಪಾಯಿ, ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮೂರಿನೋರ ಹತ್ರ ಚಂದಾ, ಹಬ್ಬಕ್ಕೆ ಬಂದಾಗ ಒಂದು ಹುಂಡಿ. ಒಂದೇ ಜೇಬು ಬೇಡ, ನೂರು ಜೇಬಿಂದ ಸ್ವಲ್ಪ ಸ್ವಲ್ಪ. ಕೇಳೋಕೆ ನಾಚಿಕೆ ಆಗೋದು ಖಜಾಂಚಿಗೆ ಮಾತ್ರ, ಅದು ನಾನು.

ಇನ್ನೊಂದು ಕೆಲಸ ಇದೆ. ಇಷ್ಟು ವರ್ಷ ನಮ್ಮದು ರಿಜಿಸ್ಟರ್ ಆಗದ ತಂಡ. ಬ್ಯಾಂಕ್ ಖಾತೆ ನನ್ನ ಹೆಸರಲ್ಲೇ ಇದೆ. ನಾಳೆ ನನಗೆ ಏನಾದ್ರೂ ಆದ್ರೆ ತಂಡದ ದುಡ್ಡು ನನ್ನ ದುಡ್ಡಿನ ಜೊತೆ ಸೇರ್ಕೊಂಡು ಹೋಗುತ್ತೆ. ಇದು ಸರಿಯಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಒಂದು ಸಂಘ ಮಾಡೋಕೆ ಕನಿಷ್ಠ ಏಳು ಜನ ಬೇಕು. ಅಂಕಣಕ್ಕೆ ಇಳಿಯೋಕೆ ಏಳು ಜನ, ಅರ್ಜಿಗೆ ಸಹಿ ಹಾಕೋಕೂ ಏಳು ಜನ. ಅರ್ಜಿ ಬರೆದು ಇಟ್ಟಿದೀನಿ. ಸಂಘದ ಹೆಸರು ಬರೆಯೋ ಜಾಗ ಮಾತ್ರ ಖಾಲಿ ಬಿಟ್ಟಿದೀನಿ.

ಮೀಟಿಂಗ್ ಭಾನುವಾರ ಬೆಳಗ್ಗೆ ಹತ್ತಕ್ಕೆ, ಮೈದಾನದಲ್ಲಿ. ಮಳೆ ಬಂದ್ರೆ ಶಾಲೆ ಜಗಲಿ ಮೇಲೆ. ನಮ್ಮೂರಿನೋರು ಯಾರಾದ್ರೂ ಇದನ್ನ ಕೇಳ್ತಿದ್ರೆ ಬನ್ನಿ. ಬೇರೆ ಊರಿನೋರು, ನಿಮ್ಮೂರಲ್ಲಿ ಯಾವ ಆಟದ ತಂಡ ಇತ್ತು, ಅದರ ನೋಟ್‌ಬುಕ್ ಈಗ ಯಾರ ಮನೇಲಿದೆ ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೇಲಿ ನಿಮ್ಮದನ್ನೂ ಕೇಳಿಸ್ತೀನಿ, ಭಾನುವಾರ ಏನಾಯ್ತು ಅಂತಾನೂ ಹೇಳ್ತೀನಿ. ಬರೋವಾಗ ಎಡಗೈ ಹುಡುಗನನ್ನೂ ಕರ್ಕೊಂಡು ಬಾ ಅಂತ ಕೀಪರ್‌ಗೆ ಹೇಳಿದೀನಿ.